ರಾಶಿಯ ಕಣದಲ್ಲಿ ಕಿವಿಯ ಕಾಪು

ನಮ್ಮ ಧರ್ಮದಲ್ಲಿ ಕಿವಿಗೆ ಇರುವ ಸ್ಥಾನವನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ದೀಕ್ಷಾತ್ರಯದಲ್ಲಿ ಮಂತ್ರದೀಕ್ಷೆಯು ಕರ್ಣದ್ವಾರದಿಂದಲೇ ನಡೆಯತಕ್ಕದ್ದು. ಗುರುವು ಶಿಷ್ಯನ ಕಿವಿಯಲ್ಲಿ ಪಂಚಾಕ್ಷರಿಯನ್ನು ಮೆಲುದನಿಯಿಂದ ಉಪದೇಶಿಸುತ್ತಾನೆ. ಷಟ್‌ಸ್ಥಲ ಶಾಸ್ತ್ರವು ಆರು ಲಿಂಗಗಳಿಗೆ ಆರು ಮುಖಗಳನ್ನು ಹೇಳುವಾಗ, ಆಚಾರಲಿಂಗಕ್ಕೆ ಘ್ರಾಣ, ಗುರುಲಿಂಗಕ್ಕೆ ಜಿಹ್ವೆ ಎಂಬಂತೆ, ಪ್ರಸಾದಲಿಂಗಕ್ಕೆ ಶ್ರೋತ್ರವನ್ನು ಮುಖವೆಂದೂ ಶಬ್ದವನ್ನು ಅರ್ಪಣದ್ರವ್ಯವೆಂದೂ ನಿರೂಪಿಸುತ್ತದೆ. ಮಠದ ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ, ಅದೇ ಶ್ರೋತ್ರೇಂದ್ರಿಯಕ್ಕೆ ಎಂಥ ಮುಚ್ಚಳ ಹಾಕಿದರೆ ಒಳ್ಳೆಯದು ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಲೇಖನ ಬರೆಯಬೇಕಾದೀತೆಂದು ನಾನು ನೆನೆದವನಲ್ಲ. ಕಾಲವು ಬರೆಯಿಸುತ್ತಿದೆ.

ಮಸ್ಕಿಯ ಸುತ್ತಿನ ಸೀಮೆ ಎರಡು ತೆರನಾದುದು. ಒಂದೆಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಸಿಂಧನೂರಿನವರೆಗೂ ಅದರಾಚೆಗೂ ಹಬ್ಬಿದ ಭತ್ತದ ಗದ್ದೆಗಳು. ಇನ್ನೊಂದೆಡೆ ಮಳೆಯನ್ನೇ ನಂಬಿ ಜೋಳ, ಸಜ್ಜೆ, ತೊಗರಿ, ಹತ್ತಿ ಬೆಳೆಯುವ ಹೊಲಗಳು. ಈ ಹೊಲಗಳಲ್ಲಿ ರಾಶಿಯ ಕಾಲವೆಂದರೆ ಹಿಂದೆ ಹಾಡಿನ ಕಾಲ. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ಹಂತಿ ಹೊಡೆಯುವಾಗ ರಾತ್ರಿಯ ಜಾವದವರೆಗೆ ಹಂತಿಪದ ನಡೆಯುತ್ತಿತ್ತು. ಮುಂದಿನವನು ಎತ್ತಿಕೊಟ್ಟ ನುಡಿಯನ್ನು ಹಿಂದಿನವನು ಹಿಡಿಯುವನು. ಪಕ್ಕದ ಹೊಲದ ಕಣದವರು ತಮ್ಮ ಹಾಡನ್ನು ನಿಲ್ಲಿಸಿ ಕೇಳುವರು. ಅಷ್ಟು ದೂರದ ದನಿ ಕಿವಿಗೆ ಬೀಳುವಷ್ಟು ನಿಶ್ಶಬ್ದವು ಆಗ ಇತ್ತೆಂಬುದನ್ನು ಈಗಿನ ಹುಡುಗರು ನಂಬುವುದು ಕಷ್ಟ. ಆದರೆ ಆ ಕಾಲವನ್ನು ಮರಳಿ ತರಬೇಕೆಂದು ನಾನು ಹೇಳುವುದಿಲ್ಲ. ಮೊರ ಹಿಡಿದ ಹೆಂಗಸರು ಗಾಳಿಗಾಗಿ ದಿನವೆಲ್ಲ ಕಾಯುತ್ತಿದ್ದುದನ್ನು, ಅಕಾಲ ಮಳೆಗೆ ಕಣದಲ್ಲೇ ಕಾಳು ಮೊಳೆತುದನ್ನು ಕಣ್ಣಾರೆ ಕಂಡವನಾದುದರಿಂದ ಯಂತ್ರವನ್ನು ಹಳಿಯುವ ನಾಲಗೆ ನನಗಿಲ್ಲ.

ಈಗಿನ ಕಣದ ಶಬ್ದವೇ ಬೇರೆ. ಟ್ರ್ಯಾಕ್ಟರಿಗೆ ಹೊಂದಿಸಿದ ರಾಶಿ ಯಂತ್ರ, ಗದ್ದೆಗೆ ಇಳಿಯುವ ಭತ್ತದ ಕೊಯ್ಲು ಯಂತ್ರ, ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯುವ ಪೆಟ್ರೋಲು ಪಂಪು, ಬದುವಿನ ಹುಲ್ಲು ಸವರುವ ಯಂತ್ರ, ಇವೆಲ್ಲವೂ ಬೆನ್ನಿನ ಭಾರವನ್ನು ಇಳಿಸಿ ಕಿವಿಯ ಮೇಲೆ ಹೊರಿಸಿವೆ. ಶಬ್ದದ ತೀವ್ರತೆಯನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಇಬ್ಬರು ಎದುರುಬದುರು ಕುಳಿತು ಆಡುವ ಮಾತು ಸುಮಾರು ೬೦. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರು ಭಾರ ಎಳೆಯುವಾಗ ಚಾಲಕನ ಕಿವಿಯ ಬಳಿ ೯೦ನ್ನು ಮೀರುವುದು ಸಾಮಾನ್ಯ. ಮರ ಕೊಯ್ಯುವ ಯಂತ್ರಗರಗಸವು ೧೦೦ನ್ನೂ ದಾಟುತ್ತದೆ. ೬೦ಕ್ಕೂ ೯೦ಕ್ಕೂ ಒಂದೂವರೆ ಪಟ್ಟು ಅಂತರವೆಂದು ತಿಳಿಯಲಾಗದು. ಈ ಮಾನದಲ್ಲಿ ೧೦ ಏರಿದರೆ ಶಬ್ದಶಕ್ತಿ ಹತ್ತು ಪಟ್ಟು, ೩ ಏರಿದರೆ ಎರಡು ಪಟ್ಟು. ಆದುದರಿಂದ ೯೦ ಎಂಬುದು ೬೦ರ ಸಾವಿರ ಪಟ್ಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನ ಸಂಸ್ಥೆಯವರು ದಿನಕ್ಕೆ ೮ ಗಂಟೆಯ ಕೆಲಸಕ್ಕೆ ೮೫ ಡೆಸಿಬೆಲ್ ಎಂದು ಮಿತಿಯಿಟ್ಟು, ೩ ಏರಿದಂತೆಲ್ಲ ಕಾಲವನ್ನು ಅರ್ಧಕ್ಕೆ ಇಳಿಸಿದ್ದಾರೆ. ೮೮ಕ್ಕೆ ೪ ಗಂಟೆ, ೯೧ಕ್ಕೆ ೨ ಗಂಟೆ, ೯೪ಕ್ಕೆ ಒಂದೇ ಗಂಟೆ. ೧೦೦ಕ್ಕೆ ಕಾಲು ಗಂಟೆ ಮಾತ್ರ. ನಮ್ಮಲ್ಲಿ ಸುಗ್ಗಿಯ ದಿನಗಳಲ್ಲಿ ಸೂರ್ಯೋದಯಕ್ಕೆ ಯಂತ್ರ ಹತ್ತಿದವನು ಕತ್ತಲಾದ ಮೇಲೆ ಇಳಿಯುತ್ತಾನೆ. ಅಳೆಯುವ ಉಪಕರಣವಿಲ್ಲದವರಿಗೆ ಒಂದು ಸುಲಭ ಪರೀಕ್ಷೆ ಉಂಟು. ಒಂದು ಮೊಳ ಎರಡು ಮೊಳ ದೂರದಲ್ಲಿ ನಿಂತವನೊಡನೆ ಮಾತಾಡಲು ದನಿ ಏರಿಸಬೇಕಾಯಿತೆಂದರೆ ಅಲ್ಲಿಯ ಶಬ್ದವು ೮೫ನ್ನು ಮುಟ್ಟಿದೆ ಎಂದು ತಿಳಿಯಬಹುದು.

ಈ ಶಬ್ದವು ಒಳಗೆ ಹೋಗಿ ಮಾಡುವುದೇನು? ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರೊಳಗೆ ಸುಮಾರು ೧೫ ಸಾವಿರ ರೋಮಕೋಶಗಳು ಸಾಲಾಗಿ ನಿಂತಿರುತ್ತವೆ. ಗಾಳಿಗೆ ಜೋಳದ ಬೆಳೆ ಬಾಗಿ ಏಳುವಂತೆ ಅವು ಶಬ್ದಕ್ಕೆ ಬಾಗಿ ಏಳುತ್ತವೆ. ಬಿರುಗಾಳಿ ಬಡಿದಾಗ ಬೆಳೆ ಮಲಗಿಬಿಡುವಂತೆ ಅತಿಶಬ್ದಕ್ಕೆ ಅವೂ ಮಲಗುತ್ತವೆ. ಒಂದೆರಡು ದಿನದ ಬಡಿತವಾದರೆ ಮತ್ತೆ ಏಳಬಹುದು. ರಾಶಿ ಮುಗಿಸಿ ಮನೆಗೆ ಬಂದವನಿಗೆ ಆ ರಾತ್ರಿ ಕಿವಿ ಮಂದವಾಗಿ, ಬೆಳಗಿಗೆ ತಿಳಿಯಾಗುವುದು ಇದರಿಂದಲೇ. ಆದರೆ ವರ್ಷವರ್ಷವೂ ಇದೇ ನಡೆದರೆ ಆ ಕೋಶಗಳು ಸಾಯುತ್ತವೆ. ಕೋಳಿಯಂಥ ಪಕ್ಷಿಗಳಲ್ಲಿ ಸತ್ತ ರೋಮಕೋಶಗಳು ಮತ್ತೆ ಹುಟ್ಟುತ್ತವೆಂದು ೧೯೮೦ರ ದಶಕದಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಮನುಷ್ಯನಿಗೆ ಆ ಭಾಗ್ಯವಿಲ್ಲ.

ನಮ್ಮೂರಿನ ಕಡೆ ಶ್ರಾವಣಮಾಸದಲ್ಲಿ ಮಠದ ಅಂಗಳದಲ್ಲಿ ಪುರಾಣ ಹೇಳುವ ಸೇವೆ ನನಗೆ ಅನೇಕ ವರ್ಷಗಳಿಂದ ಒದಗಿದೆ. ಹೇಳುವವನು ಕೇಳುವವರ ಮುಖವನ್ನು ನೋಡುತ್ತಲೇ ಇರುತ್ತಾನೆ. ಮೊದಲು ಮುಂದಿನ ಸಾಲಿಗೆ ಬಂದು, ಕಿವಿಗೆ ಅಂಗೈ ಹಿಡಿದು ಕೂಡುತ್ತಿದ್ದವರು ಎಂಬತ್ತು ದಾಟಿದ ಹಿರಿಯರು. ಈಗ ಅವರ ಪಕ್ಕದಲ್ಲಿ ಐವತ್ತರ ಒಳಗಿನ ಗಟ್ಟಿಮುಟ್ಟು ಆಳುಗಳೂ ಕುಳಿತಿರುತ್ತಾರೆ. ಅವರಲ್ಲಿ ಟ್ರ್ಯಾಕ್ಟರು ಹೊಡೆಯುವವರು, ಗಿರಣಿಯಲ್ಲಿ ದುಡಿಯುವವರು, ಕಲ್ಲಿನ ಕ್ವಾರಿಗೆ ಹೋಗಿ ಬಂದವರು ಇದ್ದಾರೆ. ನಗೆಯ ಪ್ರಸಂಗ ಬಂದಾಗ ಇವರು ಪಕ್ಕದವರ ಮುಖ ನೋಡಿ, ಅವರು ನಕ್ಕ ಮೇಲೆ ನಗುತ್ತಾರೆ.

ಇವರಲ್ಲೊಬ್ಬನು ನನ್ನ ತಂಗಿಯ ಮಗನೇ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಟ್ರ್ಯಾಕ್ಟರು ಮತ್ತು ರಾಶಿ ಯಂತ್ರ ಇಟ್ಟುಕೊಂಡು ಬಾಡಿಗೆಯ ಮೇಲೆ ಊರೂರಿನ ರಾಶಿ ಮಾಡುತ್ತಾನೆ. ವಯಸ್ಸು ನಲವತ್ತಾರು. ಮನೆಯಲ್ಲಿ ಅವನ ಮೇಲೆ ಒಂದು ಆಪಾದನೆ: ಬೇಕಾದ ಮಾತು ಕೇಳಿಸುತ್ತದೆ, ಬೇಡವಾದುದು ಕೇಳಿಸುವುದಿಲ್ಲ ಎಂದು. ಹೆಂಡತಿ ಅಡುಗೆಮನೆಯಿಂದ ಕರೆದರೆ ಉತ್ತರವಿಲ್ಲ. ಎದುರಿಗೆ ಬಂದು ಕೇಳಿದರೆ ಸಿಟ್ಟು. ಎಂಟು ವರ್ಷದ ಕಿರಿಯ ಮಗಳು "ಅಪ್ಪಾ" ಎಂದು ಕೂಗುವುದನ್ನು ಬಿಟ್ಟು, ಬಂದು ಅಂಗಿಯನ್ನು ಜಗ್ಗಿ ಮಾತಾಡುವುದನ್ನು ಕಲಿತುಕೊಂಡಿದೆ. ನನಗೆ ವಿಷಯದ ಗಾಂಭೀರ್ಯ ತಿಳಿದುದು ಆ ಮಗುವಿನ ಕೈಯಿಂದ. ಏಕಾಂತದಲ್ಲಿ ಕರೆದು ಕೇಳಿದಾಗ ಅವನು ಒಂದೇ ಮಾತು ಹೇಳಿದ: "ಕೇಳಸ್ತೈತ್ರಿ ಮಾವ, ಆದ್ರ ತಿಳಿಯಂಗಿಲ್ರಿ."

ಆ ಮಾತಿನಲ್ಲಿ ಶಾಸ್ತ್ರವಿದೆ. ಶಬ್ದದ ಪೆಟ್ಟು ಮೊದಲು ಬೀಳುವುದು ಸೆಕೆಂಡಿಗೆ ೪೦೦೦ ಕಂಪನಗಳ ಆಸುಪಾಸಿನ ತಾರಧ್ವನಿಗಳ ಮೇಲೆ. ಮಾತಿನಲ್ಲಿ ಸ್ವರಗಳು ಮಂದ್ರವಾಗಿಯೂ ಬಲವಾಗಿಯೂ ಇರುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳು ತಾರವಾಗಿಯೂ ದುರ್ಬಲವಾಗಿಯೂ ಇರುತ್ತವೆ. ಸ್ವರ ಉಳಿದು ವ್ಯಂಜನ ಅಳಿದರೆ ದನಿ ಕಿವಿಗೆ ಬೀಳುತ್ತದೆ, ಪದ ಬೀಳುವುದಿಲ್ಲ. ಹೆಂಗಸರ ಮತ್ತು ಮಕ್ಕಳ ಮಾತು ಮೊದಲು ಕಳೆದುಹೋಗುವುದೂ ಬಹುಮಟ್ಟಿಗೆ ಇದೇ ಕಾರಣದಿಂದ. ಆದುದರಿಂದ ಇಂಥ ಗಂಡನ ಮೇಲೆ ಸಿಟ್ಟಾಗುವ ಗೃಹಿಣಿಯರು ಮೊದಲು ಕಿವಿಯ ಪರೀಕ್ಷೆ ಮಾಡಿಸಬೇಕೆಂದು ನನ್ನ ವಿಜ್ಞಾಪನೆ. ಇವನನ್ನೂ ಕರೆದೊಯ್ದೆವು. ಪರೀಕ್ಷೆಯ ನಕ್ಷೆಯಲ್ಲಿ ಗೆರೆಯು ಸಮವಾಗಿ ಬಂದು ೪೦೦೦ದ ಬಳಿ ಹಳ್ಳಕ್ಕೆ ಇಳಿದಂತೆ ಇಳಿದಿತ್ತು. ಹೋದುದು ಬಾರದು, ಇರುವುದನ್ನು ಉಳಿಸಿಕೊಳ್ಳಿರಿ ಎಂದು ವೈದ್ಯರು ಹೇಳಿ ಕಳಿಸಿದರು. ಉಳಿಸಿಕೊಳ್ಳುವುದು ಹೇಗೆಂಬುದು ನಮ್ಮ ಪಾಲಿಗೆ ಬಂತು.

ಹೊಲದಲ್ಲಿ ರೂಢಿಯಲ್ಲಿರುವ ಉಪಾಯವೆಂದರೆ ಕಿವಿಗೆ ಹತ್ತಿ ತುರುಕಿ ಮೇಲೆ ಟವೆಲ್ಲು ಸುತ್ತುವುದು. ಹತ್ತಿ ಬೆಳೆಯುವ ಸೀಮೆಯಾದುದರಿಂದ ಇದು ಸಹಜವೇ. ಧೂಳಿಗೆ ಅದು ಒಳ್ಳೆಯದು. ಶಬ್ದಕ್ಕೆ ಬಹುಮಟ್ಟಿಗೆ ನಿರುಪಯೋಗಿ. ಸಡಿಲ ಹತ್ತಿಯ ಎಳೆಗಳ ನಡುವೆ ಗಾಳಿ ನುಸುಳುವಂತೆ ಶಬ್ದವೂ ನುಸುಳುತ್ತದೆ. ಕಿವಿ ಮುಚ್ಚಿದೆನೆಂಬ ಧೈರ್ಯ ಮಾತ್ರ ಉಳಿಯುತ್ತದೆ.

ಇಲ್ಲಿ ಒಂದು ತಾರತಮ್ಯವನ್ನು ಹೇಳಬೇಕು. ನಮ್ಮ ನೆರೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಇದೆ. ಈ ಸೀಮೆಯ ಚಿನ್ನಕ್ಕೂ ಮಸ್ಕಿಯ ಕೀರ್ತಿಗೂ ನಂಟುಂಟು. ೧೯೧೫ರಲ್ಲಿ ಇಲ್ಲಿಯ ಅಶೋಕನ ಶಾಸನವನ್ನು ಮೊದಲು ಕಂಡವನು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರು. ಬಂಡೆ ಕೊರೆಯುವ ಯಂತ್ರದ ಶಬ್ದ ಎಂಥದೆಂಬುದನ್ನು ಗಣಿಯಲ್ಲಿ ದುಡಿದವರು ಬಲ್ಲರು. ಅಂಥವರಿಗಾಗಿ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ೧೯೭೫ರಲ್ಲಿಯೇ ಒಂದು ಸುತ್ತೋಲೆ ಹೊರಡಿಸಿ, ೮೫ ಡೆಸಿಬೆಲ್ ಎಚ್ಚರಿಕೆಯ ಮಟ್ಟ, ೯೦ ಅಪಾಯದ ಮಟ್ಟ, ಅದನ್ನು ಮೀರಿದರೆ ಕಿವಿಗೆ ರಕ್ಷೆ ಕೊಡಬೇಕು, ೧೧೫ ಇರುವಲ್ಲಿಗೆ ರಕ್ಷೆಯಿಲ್ಲದೆ ಯಾರೂ ಕಾಲಿಡಕೂಡದು ಎಂದು ಗೊತ್ತುಪಡಿಸಿತು. ಭೂಮಿಯ ಒಳಗೆ ದುಡಿಯುವವನ ಕಿವಿಗೆ ಹೀಗೆ ಒಬ್ಬ ಕೇಳುವವನಿದ್ದಾನೆ. ಅದೇ ಭೂಮಿಯ ಮೇಲೆ ತನ್ನ ಹೊಲದಲ್ಲಿ ತಾನೇ ಒಡೆಯನಾಗಿ ದುಡಿಯುವ ರೈತನ ಕಿವಿಯನ್ನು ವಿಚಾರಿಸಲು ಯಾವ ಅಧಿಕಾರಿಯೂ ಬರುವುದಿಲ್ಲ. ಸುತ್ತೋಲೆಯನ್ನೂ ಅವನೇ ಬರೆದುಕೊಳ್ಳಬೇಕು, ಪಾಲಿಸುವವನೂ ಅವನೇ ಆಗಬೇಕು.

ಹೀಗಿರುವಾಗ ನನ್ನ ಸೋದರಳಿಯನ ಹಿರಿಯ ಮಗ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು, ತಂದೆಯ ಕಿವಿಯ ಸುದ್ದಿ ತಿಳಿದು ಶಬ್ದವನ್ನು ಅಳಿಸುವ ಹೆಡ್‌ಫೋನ್ ಒಂದನ್ನು ಕಳಿಸಿದ. ಹಲವು ಸಾವಿರ ರೂಪಾಯಿಯ ವಸ್ತು. ಅಳಿಯನು ಪೆಟ್ಟಿಗೆಯ ಸಮೇತ ತಂದು ನನ್ನ ಮುಂದಿಟ್ಟು, "ಇದರಾಗ ಏನು ಬರದೈತಿ ಓದಿ ಹೇಳ್ರಿ ಮಾವ" ಎಂದ. ಶಾಸ್ತ್ರಗ್ರಂಥಗಳ ಟೀಕೆ ಓದಿ ಬೆಳೆದವನಿಗೆ ಇಂಗ್ಲಿಷಿನ ಆ ಕಿರುಹೊತ್ತಿಗೆ ಹೊಸ ಬಗೆಯ ಟೀಕೆಯಾಯಿತು. ಓದುತ್ತ ಹೋದಂತೆ ಕುತೂಹಲ ಹೆಚ್ಚಿ, ಬೇರೆ ಬರಹಗಳನ್ನೂ ತರಿಸಿ ನೋಡಿದೆ.

ಇದರ ತತ್ತ್ವವು ಸೊಗಸಾದುದು. ಕೆರೆಯ ನೀರಿನಲ್ಲಿ ಎರಡು ಕಲ್ಲು ಹಾಕಿದರೆ ಎರಡು ಅಲೆಗಳು ಎದ್ದು ಒಂದರೊಳಗೊಂದು ಹಾಯುತ್ತವೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದಲ್ಲಿ ನೀರು ಸಮವಾಗಿ ನಿಲ್ಲುತ್ತದೆ. ಶಬ್ದವೂ ಗಾಳಿಯಲ್ಲಿ ಏಳುವ ಅಲೆಯೇ. ಹೆಡ್‌ಫೋನಿನ ಮೈಮೇಲಿರುವ ಸಣ್ಣ ಮೈಕುಗಳು ಹೊರಗಿನ ಶಬ್ದವನ್ನು ಹಿಡಿಯುತ್ತವೆ. ಒಳಗಿನ ಯಂತ್ರವು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಆ ಕ್ಷಣದಲ್ಲೇ ಹುಟ್ಟಿಸಿ ಕಿವಿಯ ಬಳಿ ಬಿಡುತ್ತದೆ. ಎರಡೂ ಕೂಡಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಪಾಲ್ ಲೂಯೆಗ್ ಎಂಬ ಜರ್ಮನ್ ವಿಜ್ಞಾನಿಗೆ ೧೯೩೬ರಲ್ಲಿಯೇ ಈ ತತ್ತ್ವಕ್ಕೆ ಅಮೆರಿಕದ ಪೇಟೆಂಟು ದೊರಕಿತ್ತು. ಅದನ್ನು ಜನಬಳಕೆಗೆ ತಂದವರಲ್ಲಿ ಮುಖ್ಯರು ಅಮರ್ ಬೋಸ್ (೧೯೨೯–೨೦೧೩). ಬ್ರಿಟಿಷರ ವಿರುದ್ಧ ಹೋರಾಡಿ ಅಮೆರಿಕ ಸೇರಿದ ಬಂಗಾಳಿಯೊಬ್ಬರ ಮಗ ಇವರು. ೧೯೭೮ರಲ್ಲಿ ಸ್ವಿಟ್ಜರ್ಲೆಂಡಿನಿಂದ ವಿಮಾನದಲ್ಲಿ ಮರಳುವಾಗ, ಕಿವಿಗೆ ಹಾಕಿಕೊಂಡ ಸಂಗೀತವು ಇಂಜಿನ್ನಿನ ಮೊರೆತದಲ್ಲಿ ಮುಳುಗಿಹೋದುದನ್ನು ಕಂಡು ಅಲ್ಲಿಯೇ ಲೆಕ್ಕ ಹಾಕತೊಡಗಿದರಂತೆ. ೧೯೮೯ರಲ್ಲಿ ವಿಮಾನ ಚಾಲಕರಿಗಾಗಿ ಅವರ ಕಂಪನಿಯ ಮೊದಲ ಹೆಡ್‌ಸೆಟ್ ಮಾರುಕಟ್ಟೆಗೆ ಬಂದಿತು.

ವಿಮಾನದ ಮೊರೆತಕ್ಕಾಗಿ ಹುಟ್ಟಿತೆಂಬ ಈ ಮಾತಿನಲ್ಲಿಯೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಒಂದೇ ಸಮನೆ ಮೊರೆಯುವ, ಸೆಕೆಂಡಿಗೆ ಸಾವಿರ ಕಂಪನಗಳ ಕೆಳಗಿನ ಮಂದ್ರಶಬ್ದವನ್ನು ಈ ಉಪಾಯವು ಚೆನ್ನಾಗಿ ಅಳಿಸುತ್ತದೆ. ಅದರ ಮೇಲಿನ ಕಿರುಚುದನಿಯನ್ನು, ಥಟ್ಟನೆ ಬಡಿಯುವ ಶಬ್ದವನ್ನು ಅಷ್ಟಾಗಿ ಅಳಿಸಲಾರದು. ಅಲ್ಲಿ ರಕ್ಷೆ ಕೊಡುವುದು ಕಿವಿಯನ್ನು ಬಿಗಿಯಾಗಿ ಮುಚ್ಚಿದ ಬಟ್ಟಲು ಮಾತ್ರ. ಅಳಿಯನು ತೊಗರಿ ರಾಶಿಯ ದಿನ ಅದನ್ನು ಹಾಕಿಕೊಂಡು ಯಂತ್ರದ ಬಳಿ ನಿಂತ. ನಾನು ಬೇವಿನ ಮರದ ಕೆಳಗೆ ಕುಳಿತು ನೋಡುತ್ತಿದ್ದೆ. ಟ್ರ್ಯಾಕ್ಟರಿನ ಗುಡುಗು ಮಾಯವಾಯಿತೆಂದು ಅವನ ಮುಖ ಅರಳಿತು. ಆದರೆ ಯಂತ್ರದ ಬಾಯಿಗೆ ತೊಗರಿ ಕಟ್ಟಿಗೆ ಬಿದ್ದಾಗಿನ ಚಟಚಟ ಶಬ್ದ, ಕಬ್ಬಿಣದ ಕೀರಲು ದನಿ ಹಾಗೆಯೇ ಉಳಿದವೆಂದು ಹೇಳಿದ. ಅವನ ಕಿವಿಯನ್ನು ಕೆಡಿಸಿದ ಜಾತಿಯ ಶಬ್ದವೇ ಅದು. ಗಾಳಿ ಬೀಸಿದಾಗ ಮೈಕಿನಲ್ಲಿ ಹೂಯೆಂಬ ಸದ್ದು. ತೊಗರಿಯ ಸುಂಕು ಮೈಕಿನ ಸಣ್ಣ ತೂತುಗಳಲ್ಲಿ ಕೂತಿತು. ಮೆತ್ತೆಗಳು ಬೆವರು ಕುಡಿದವು. ಸಾಲದುದಕ್ಕೆ ಗದ್ದಲ ಕಡಮೆಯಾಯಿತೆಂದು ಅದರಲ್ಲಿ ಹಾಡು ಹಚ್ಚಿ, ಉಳಿದ ಶಬ್ದ ಮುಳುಗುವಷ್ಟು ದನಿ ಏರಿಸಿದ. ಹೊರಗಿನ ಗದ್ದಲವನ್ನು ಒಳಗಿನ ಗದ್ದಲದಿಂದ ಗೆಲ್ಲುವ ಈ ಚಾಳಿಯು ಟ್ರ್ಯಾಕ್ಟರಿಗೆ ದೊಡ್ಡ ಸ್ಪೀಕರು ಕಟ್ಟಿಕೊಂಡು ಹೊರಡುವ ನಮ್ಮ ತರುಣರೆಲ್ಲರಲ್ಲಿಯೂ ಇದೆ; ಕಿವಿಗೆ ಎರಡೂ ಒಂದೇ.

ಈ ಹೆಡ್‌ಫೋನುಗಳು ಕೆಟ್ಟವೆಂದು ನನ್ನ ಮಾತಿನ ಅರ್ಥವಲ್ಲ. ಅಳಿಯನು ಬೆಂಗಳೂರಿಗೆ ರಾತ್ರಿಯ ಬಸ್ಸಿನಲ್ಲಿ ಹೋಗುವಾಗ ಈಗ ಅದನ್ನೇ ಹಾಕಿಕೊಂಡು ಸುಖವಾಗಿ ನಿದ್ರಿಸುತ್ತಾನೆ. ಆದರೆ ಸಂಗೀತಕ್ಕಾಗಿ ಮಾಡಿದ ಸಾಮಾನ್ಯ ಹೆಡ್‌ಫೋನಿನ ಮೇಲೆ, ಇದು ಕಿವಿಗೆ ಇಷ್ಟು ಡೆಸಿಬೆಲ್ ರಕ್ಷೆ ಕೊಡುತ್ತದೆ ಎಂಬ ಪರೀಕ್ಷಿತ ಅಂಕೆ ಇರುವುದಿಲ್ಲ. ಕೆಲಸಗಾರರಿಗಾಗಿಯೇ ಮಾಡಿದ ಕಿವಿಗವಸುಗಳ ಮೇಲೆ ಇರುತ್ತದೆ. ಭಾರತೀಯ ಮಾನಕವಾದರೆ ಐಎಸ್ ೯೧೬೭, ಯುರೋಪಿನದಾದರೆ ಇಎನ್ ೩೫೨ ಎಂಬ ಸಂಖ್ಯೆಯನ್ನು ನೋಡಿ ಕೊಳ್ಳಬೇಕು. ಕೆಲವು ನೂರು ರೂಪಾಯಿಗಳಿಂದಲೇ ಇವು ಸಿಕ್ಕುತ್ತವೆ. ಬ್ಯಾಟರಿ ಬೇಡ, ಮೈಕು ಬೇಡ, ಮಣ್ಣಿಗೆ ಬಿದ್ದರೆ ಒರೆಸಿ ಹಾಕಿಕೊಳ್ಳಬಹುದು.

ಅಳಿಯನು ರಾಯಚೂರಿಗೆ ಹೋದವನು ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕೆ ಇದ್ದುದನ್ನೇ ತಂದ. ಬಿಗಿಯೆಂದರೆ ಅಡಕತ್ತರಿಯಂತೆ ಬಿಗಿ. ಹತ್ತು ಗಂಟೆಯವರೆಗೆ ಕಿವಿಯ ಮೇಲಿತ್ತು. ಮಧ್ಯಾಹ್ನದ ಹೊತ್ತಿಗೆ ನೆತ್ತಿಯ ಮೇಲೆ. ಊಟದ ನಂತರ ಟ್ರ್ಯಾಕ್ಟರಿನ ಕೊಂಡಿಗೆ ನೇತಾಡುತ್ತಿತ್ತು. ನಾನು ಈ ಲೇಖನದಲ್ಲಿ ಹೇಳಬಯಸುವ ಮುಖ್ಯ ಮಾತು ಇಲ್ಲಿದೆ. ೩೦ ಡೆಸಿಬೆಲ್ ತಡೆಯುವ ಕಿವಿಗವಸನ್ನು ಎಂಟು ಗಂಟೆಯೂ ಹಾಕಿದರೆ ೩೦ರ ಫಲ. ಅದನ್ನೇ ಅರ್ಧ ಹೊತ್ತು ತೆಗೆದಿಟ್ಟರೆ ಫಲವು ೧೫ ಆಗುವುದಿಲ್ಲ. ಕೇವಲ ೩ ಆಗುತ್ತದೆ! ಏಕೆಂದರೆ ತೆಗೆದ ನಾಲ್ಕು ಗಂಟೆಗಳಲ್ಲಿ ಪೂರ್ಣ ಶಬ್ದದ ಅರ್ಧಪಾಲು ಒಳಹೊಕ್ಕಿರುತ್ತದೆ, ಮತ್ತು ಈ ಮಾನದಲ್ಲಿ ಅರ್ಧವೆಂದರೆ ೩ ಮಾತ್ರ ಇಳಿದಂತೆ. ಎಂಟು ಗಂಟೆಯಲ್ಲಿ ಮುಕ್ಕಾಲು ಗಂಟೆಯಷ್ಟು ತೆಗೆದರೂ ಫಲವು ೧೦ರ ಆಸುಪಾಸಿಗೆ ಇಳಿದುಬಿಡುತ್ತದೆ. ಆದುದರಿಂದ ೩೦ರ ಬಿಗಿಯಾದ ಗವಸಿಗಿಂತ, ದಿನವಿಡೀ ತೆಗೆಯಬೇಕೆನಿಸದ ೨೦ರ ಹಿತವಾದ ಗವಸು ಮೇಲು. ಹಿತವೆಂಬುದು ಇಲ್ಲಿ ಭೋಗವಲ್ಲ, ಅದೇ ರಕ್ಷೆ.

ಹಿತವಾದುದನ್ನು ಆರಿಸುವುದು ಅಂಗಡಿಯವನ ಮಾತಿನಿಂದ ಆಗದು, ತಲೆಯ ಮೇಲೆ ಇಟ್ಟು ನೋಡಿಯೇ ಆಗಬೇಕು. ಬಟ್ಟಲಿನೊಳಗೆ ಕಿವಿ ಪೂರ್ತಿಯಾಗಿ ಕೂಡಬೇಕು. ಕಿವಿಯ ಅಂಚು ಮೆತ್ತೆಯ ಕೆಳಗೆ ಸಿಕ್ಕಿದರೆ ಅರ್ಧ ಗಂಟೆಗೆ ನೋವು ಹುಟ್ಟುತ್ತದೆ. ಮೆತ್ತೆ ಅಗಲವಾಗಿದ್ದಷ್ಟೂ ಒತ್ತಡ ಹಂಚಿಹೋಗುತ್ತದೆ. ತೂಕವು ೨೦೦ ಗ್ರಾಮಿನ ಸುತ್ತಮುತ್ತ ಇದ್ದರೆ ಕತ್ತಿಗೆ ಭಾರವಾಗದು. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ನೋಡಬೇಕು. ದಪ್ಪ ಕಡ್ಡಿಯು ಮೆತ್ತೆಯನ್ನು ಎತ್ತಿಹಿಡಿದರೆ ಆ ಸಂದಿಯಿಂದ ಶಬ್ದ ಒಳಗೆ ಬರುತ್ತದೆ. ರುಮಾಲು ಸುತ್ತುವ ನಮ್ಮ ಹಿರಿಯರು ನೆತ್ತಿಯ ಮೇಲಿನ ಪಟ್ಟಿಯ ಗವಸನ್ನು ರುಮಾಲಿನ ಮೇಲೆ ಏರಿಸಿದರೆ ಏನೂ ಪ್ರಯೋಜನವಿಲ್ಲ. ಅವರಿಗೆ ಕುತ್ತಿಗೆಯ ಹಿಂದಿನಿಂದ ಬರುವ ಪಟ್ಟಿಯವು ದೊರೆಯುತ್ತವೆ. ನಮ್ಮ ಬಿಸಿಲಿನಲ್ಲಿ, ಬೇಸಗೆಯ ಭತ್ತದ ಕೊಯ್ಲಿನಲ್ಲಿ ತಾಪವು ೪೦ ಡಿಗ್ರಿ ಮುಟ್ಟುವಾಗ, ಬೆವರೇ ದೊಡ್ಡ ಶತ್ರು. ಗಂಟೆಗೊಮ್ಮೆ ಯಂತ್ರ ನಿಲ್ಲಿಸಿದಾಗ ಗವಸು ತೆಗೆದು ಒರೆಸಿ, ಯಂತ್ರ ಹೊರಡುವ ಮೊದಲು ಮತ್ತೆ ಹಾಕಿಕೊಳ್ಳುವುದು ರೂಢಿಯಾಗಬೇಕು. ಬೆವರಿನ ಉಪ್ಪಿಗೆ ಮೆತ್ತೆ ಗಡುಸಾಗಿ ಬಿರಿದರೆ ಮೆತ್ತೆಯನ್ನಷ್ಟೇ ಬದಲಿಸಬಹುದು. ಬಿಡಿ ಮೆತ್ತೆ ಸಿಗುವಂಥದನ್ನೇ ಕೊಳ್ಳುವುದು ಜಾಣತನ.

ಪೆಟ್ಟಿಗೆಯ ಮೇಲಿನ ಅಂಕೆಯನ್ನೂ ಪೂರ್ತಿ ನಂಬಲಾಗದು. ಅದು ಪ್ರಯೋಗಶಾಲೆಯ ಅಂಕೆ. ಅಮೆರಿಕದ ಎನ್‌ಆರ್‌ಆರ್ ಎಂಬ ಅಂಕೆ ಇದ್ದರೆ ಅದರಲ್ಲಿ ೭ ಕಳೆದು ಉಳಿದುದನ್ನು ಅರ್ಧ ಮಾಡಬೇಕೆಂದು ಅಲ್ಲಿಯ ಸುರಕ್ಷತಾ ಇಲಾಖೆಯವರೇ ಹೇಳುತ್ತಾರೆ. ೨೫ ಎಂದು ಬರೆದಿದ್ದರೆ ಹೊಲದಲ್ಲಿ ನಂಬಬಹುದಾದುದು ೯. ಯಂತ್ರದ ಬಳಿ ೯೮ ಇದ್ದರೆ ಕಿವಿಗೆ ತಲಪುವುದು ೮೯; ಆ ಮಟ್ಟದಲ್ಲಿ ದಿನಕ್ಕೆ ಸುಮಾರು ೩ ಗಂಟೆ. ಆದುದರಿಂದ ಗವಸಿದ್ದರೂ ಆಳುಗಳನ್ನು ಸರದಿಯ ಮೇಲೆ ಬದಲಿಸಬೇಕು. ಕೆಲಸವಿಲ್ಲದವರು ಯಂತ್ರದ ಬುಡದಲ್ಲಿ ಹರಟೆಗೆ ನಿಲ್ಲಬಾರದು. ಬಯಲಿನಲ್ಲಿ ದೂರವು ಎರಡು ಪಟ್ಟಾದರೆ ಶಬ್ದವು ಸುಮಾರು ೬ ಡೆಸಿಬೆಲ್ ಇಳಿಯುತ್ತದೆ. ಇದಕ್ಕೆ ದುಡ್ಡು ಬೇಡ.

ಹಾಗೆಂದು ಕಿವಿಯನ್ನು ಪೂರ್ತಿ ಮುಚ್ಚಿ ಕಲ್ಲಾಗುವುದೂ ಅಪಾಯವೇ. ರಾಶಿ ಯಂತ್ರಕ್ಕೆ ಸೆರಗು ಸಿಕ್ಕಿತೆಂದು ಯಾರಾದರೂ ಚೀರಿದರೆ, ಹಿಂದಕ್ಕೆ ಬರುವ ಟ್ರ್ಯಾಕ್ಟರಿನ ಬಳಿ ಮಗು ಇದೆಯೆಂದು ಕೂಗಿದರೆ ಕೇಳಿಸಬೇಕು. ಕಿವಿಗೆ ತಲಪುವ ಶಬ್ದವು ೭೫ರಿಂದ ೮೦ರ ಮಧ್ಯೆ ಇರುವುದು ಉತ್ತಮವೆಂದೂ, ೭೦ಕ್ಕಿಂತ ಕೆಳಗಿಳಿಸುವುದು ಅತಿರಕ್ಷೆಯೆಂದೂ ಯುರೋಪಿನವರು ಗೊತ್ತುಮಾಡಿದ್ದಾರೆ. ಮಾತನ್ನು ಒಳಗೆ ಬಿಟ್ಟು ಅಬ್ಬರವನ್ನು ತಡೆಯುವ ವಿದ್ಯುತ್ ಗವಸುಗಳೂ ಇವೆ. ಬೆಲೆ ಹೆಚ್ಚು, ಆದರೆ ಹಣವುಳ್ಳ ಯಂತ್ರದ ಮಾಲೀಕರು ಹೆಡ್‌ಫೋನಿಗೆ ಸುರಿಯುವ ದುಡ್ಡನ್ನು ಇದಕ್ಕೆ ಸುರಿದರೆ ಸಾರ್ಥಕ. ಅಲ್ಲದವರು ಕೈಸನ್ನೆಗಳನ್ನು ಗೊತ್ತುಮಾಡಿಕೊಳ್ಳಬೇಕು. ಅಳಿಯನ ಕಣದಲ್ಲಿ ಈಗ ಟವೆಲ್ಲು ಎತ್ತಿ ಬೀಸಿದರೆ ಯಂತ್ರ ನಿಲ್ಲಿಸಬೇಕೆಂದು ಅರ್ಥ. ಮಕ್ಕಳನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂಡಿಸುವ ರೂಢಿಯಂತೂ ಎರಡು ಬಗೆಯಲ್ಲಿ ಅಪಾಯಕಾರಿ. ಬಿದ್ದರೆ 'ಅಯ್ಯೋ' ಎನ್ನುತ್ತೇವೆ, ಕಿವಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ಎರಡನೆಯ ಸಲ ಅಳಿಯನು ಹಗುರವಾದ ನಾಲ್ಕು ಗವಸುಗಳನ್ನು ತಂದ. ನಾಲ್ಕೇಕೆಂದರೆ, ನಾನೇ ಹೇಳಿದ್ದೆ. ಕಣದಲ್ಲಿ ಯಂತ್ರದ ಬಾಯಿಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವರು ಕೂಲಿಗೆ ಬಂದ ಹೆಂಗಸರು. ಸಿವುಡು ಎತ್ತಿಕೊಡುವವರು ಅವರು, ಕಾಳಿನ ಪುಟ್ಟಿ ಹಿಡಿಯುವವರು ಅವರು. ಮಾಲೀಕನ ಕಿವಿಗೆ ಬೆಂಗಳೂರಿನಿಂದ ಸಾವಿರಗಟ್ಟಲೆಯ ವಸ್ತು ಬರುವಾಗ ಅವರ ಕಿವಿಯ ನೆನಪು ಯಾರಿಗೂ ಆಗಿರಲಿಲ್ಲ. ಕಾಯಕ ಜೀವಿಗಳಲ್ಲಿ ಮೇಲು ಕೀಳು ಇಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು, ಕಣದಲ್ಲಿ ಎಷ್ಟು ಜೊತೆ ಗವಸು ಇವೆಯೆಂದು ಎಣಿಸಿ ನೋಡಿದರೆ ನಮ್ಮ ಮಾತಿನ ತೂಕ ತಿಳಿಯುತ್ತದೆ. ಮೊದಲ ದಿನ ಅವರು ನಾಚಿ ನಕ್ಕರು; ಒಬ್ಬರನ್ನೊಬ್ಬರು ನೋಡಿ ಮತ್ತೆ ನಕ್ಕರು. ಮೂರನೆಯ ದಿನ ಅವರಲ್ಲಿ ಹಿರಿಯಳೊಬ್ಬಳು, ರಾತ್ರಿ ಮಲಗಿದಾಗ ಕಿವಿಯೊಳಗೆ ಕೂಗುತ್ತಿದ್ದ ಜೀರುಂಡೆ ಇಂದು ಸ್ವಲ್ಪ ಸುಮ್ಮನಿದೆಯೆಂದು ನನ್ನ ತಂಗಿಯ ಮುಂದೆ ಹೇಳಿದಳಂತೆ. ಆ ಜೀರುಂಡೆ ಎಷ್ಟು ವರ್ಷಗಳಿಂದ ಕೂಗುತ್ತಿತ್ತೋ.

ಇಬ್ಬರು ಹೆಂಗಸರು ಮಾತ್ರ ಇನ್ನೂ ಒಪ್ಪಿಲ್ಲ. ಕಿವಿಯ ತುಂಬ ಆಭರಣ ಇಟ್ಟವರು ಅವರು. ಗವಸು ಒತ್ತಿದರೆ ಚುಚ್ಚುತ್ತದೆ, ತೆಗೆಯಲು ಮನಸ್ಸಿಲ್ಲ. ಅವರಿಗಾಗಿ ದಾರದಿಂದ ಜೋಡಿಸಿದ ನೊರೆರಬ್ಬರಿನ ಕಿವಿಬಿರಡೆಗಳನ್ನು ತರಿಸಲಾಗಿದೆ. ಬಿರಡೆಯನ್ನು ಬೆರಳುಗಳ ನಡುವೆ ಹೊಸೆದು ತೆಳುವಾಗಿಸಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಅರಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಔಷಧ ಹೊಡೆದ ಬೆಳೆಯನ್ನು ಮುಟ್ಟಿದ ಕೈಯಿಂದ ಇದನ್ನು ಮಾಡಕೂಡದು. ಹೊಲದಲ್ಲಿ ಕೈ ತೊಳೆಯಲು ಒಂದು ಕೊಡ ನೀರು ಬೇರೆಯಾಗಿ ಇಡಬೇಕೆಂದು ಅಳಿಯನಿಗೆ ಹೇಳಿದ್ದೇನೆ. ಹಿಂಗಾರಿ ಜೋಳದ ರಾಶಿಗೆ ಇನ್ನು ಮೂರು ವಾರಗಳಿವೆ; ಅಷ್ಟರಲ್ಲಿ ನನ್ನ ತಂಗಿ ಅವರಿಬ್ಬರಿಗೂ ಬಿರಡೆ ಇಡುವುದನ್ನು ಮನೆಯಲ್ಲಿಯೇ ಕಲಿಸುವೆನೆಂದು ಒಪ್ಪಿಕೊಂಡಿದ್ದಾಳೆ.